ಜೆಸಿಬಿ ಬರುವ ಮುಂಚೆಯೇ ಮಾತಾಡಿ: ಪಂಚಾಯ್ತಿಯಿಂದ ವಿಧಾನಸೌಧದವರೆಗೆ

ರಸ್ತೆ ಅಗೆಯಲು ಜೆಸಿಬಿ ಬಂದು ನಿಂತ ಮೇಲೆ, ಮರಕ್ಕೆ ಗರಗಸ ಹಾಕಿದ ಮೇಲೆ, ಕೆರೆ ಅಂಗಳದಲ್ಲಿ ಪಿಲ್ಲರ್ ಎದ್ದ ಮೇಲೆ ನಮಗೆ ಸಿಟ್ಟು ಬರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಓಡಾಡುತ್ತದೆ, ಎಲ್ಲರೂ ಬೈಯುತ್ತಾರೆ, ಎರಡು ದಿನಕ್ಕೆ ತಣ್ಣಗಾಗುತ್ತದೆ. ಆದರೆ ಆ ಜೆಸಿಬಿ ಬರುವುದಕ್ಕೆ ತಿಂಗಳುಗಟ್ಟಲೆ ಮುಂಚೆ ಎಲ್ಲೋ ಒಂದು ಕ್ರಿಯಾ ಯೋಜನೆ ತಯಾರಾಗಿರುತ್ತದೆ, ಠರಾವು ಪಾಸಾಗಿರುತ್ತದೆ, ಎಷ್ಟೋ ಸಲ ಪೇಪರಿನ ಮೂಲೆಯಲ್ಲಿ ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ ಪ್ರಕಟಣೆಯೂ ಬಂದಿರುತ್ತದೆ. ಆಗ ಅಲ್ಲಿ ನಾವು ಇರುವುದಿಲ್ಲ. ಅಲ್ಲಿ ಇರುವುದು ಹೇಗೆ, ಯಾವ ಕಾಗದ ಕೊಡಬೇಕು, ಉತ್ತರ ಬರದಿದ್ದರೆ ಮುಂದೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಕೆಲಸ ಯಾರದು ಅಂತ ಗೊತ್ತು ಮಾಡಿಕೊಳ್ಳಿ. ಊರೊಳಗಿನ ರಸ್ತೆ ಗ್ರಾಮ ಪಂಚಾಯ್ತಿಯದಾಗಿದ್ದು, ಊರಿಗೆ ಬರುವ ರಸ್ತೆ ಲೋಕೋಪಯೋಗಿ ಇಲಾಖೆಯದು ಆಗಿರಬಹುದು. ಬೆಂಗಳೂರಿನಲ್ಲಂತೂ ಒಂದೇ ಬೀದಿಯಲ್ಲಿ ಪೈಪು ಜಲಮಂಡಳಿಯದು, ಕರೆಂಟು ಕಂಬ ಬೆಸ್ಕಾಂನದು, ಟಾರು ಪಾಲಿಕೆಯದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ನಿಮ್ಮ ಮನೆ ಅದರಲ್ಲಿ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಹಳ್ಳಿಯವರಿಗೆ ಬಾಗಿಲು ಜಾಸ್ತಿ

ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಪಟ್ಟಣದವರಿಗೆ ಇಲ್ಲದ ಒಂದು ಹಕ್ಕು ಹಳ್ಳಿಯವರಿಗಿದೆ, ಅದು ನೇರವಾಗಿ ಸಭೆಯಲ್ಲಿ ಕೂತು ತೀರ್ಮಾನ ಮಾಡುವ ಹಕ್ಕು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಲೇಬೇಕು. ವಾರ್ಡ್ ಸಭೆಗೆ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಅಂದರೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು. ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಇಪ್ಪತ್ತು ಜನ ಅಂದರೆ ಒಂದು ಬೀದಿಯವರು ಸಾಕು, ಅಲ್ವಾ? ಮನೆ ಹಂಚಿಕೆಗೆ ಫಲಾನುಭವಿಗಳ ಆಯ್ಕೆ, ಯಾವ ಚರಂಡಿ ಮೊದಲು, ಯಾವ ಬೋರ್‌ವೆಲ್ ಮೊದಲು ಅನ್ನುವ ಆದ್ಯತೆ ಎಲ್ಲ ಇಲ್ಲೇ ಶುರುವಾಗುತ್ತದೆ.

ಸಭೆ ಯಾವಾಗ ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲೇ ಕೇಳಿ, ನೋಟಿಸ್ ಬೋರ್ಡ್ ನೋಡಿ. ಸಭೆಗೆ ಹೋಗಿ ಬರೀ ಬಾಯಲ್ಲಿ ಹೇಳಿ ಬರಬೇಡಿ. ನಿಮ್ಮ ಬೇಡಿಕೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಅದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡುವವರೆಗೂ ಅಲ್ಲೇ ಕೂತಿರಿ, ಸಹಿ ಹಾಕುವ ಮುಂಚೆ ಓದಿ ಹೇಳಿಸಿ. ಸಭೆ ನಡೆಯದೆಯೇ ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಕೆಟ್ಟ ಚಾಳಿ ಕೆಲವು ಕಡೆ ಇದೆ. ಅಂಥ ಪುಸ್ತಕ ನಿಮ್ಮ ಮನೆಗೆ ಬಂದರೆ ಸಹಿ ಹಾಕಬೇಡಿ. ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ, ಪ್ರತಿಯನ್ನು ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ, ಸಭೆ ನಡೆದಿಲ್ಲ ಅಂತ ಬರೆದುಕೊಡಿ.

ಇನ್ನೊಂದು, ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು. ವೋಚರು, ಬಿಲ್ಲು, ಎಂಬಿ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆಯುವ ಪುಸ್ತಕ) ಎಲ್ಲ ನೋಡಬಹುದು, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ಹೋಲಿಸಬಹುದು. ಕಾಗದದಲ್ಲಿ ಇಷ್ಟು ಮೀಟರ್ ಚರಂಡಿ ಅಂತಿದ್ದರೆ ಟೇಪು ಹಿಡಿದು ಅಳೆಯಿರಿ. ಇಷ್ಟು ಒಳ್ಳೆಯ ಅವಕಾಶ ಇದ್ದರೂ ಎಷ್ಟೋ ಊರುಗಳಲ್ಲಿ ಜಮಾಬಂದಿ ದಿನ ಕುರ್ಚಿಗಳು ಖಾಲಿ ಇರುತ್ತವೆ, ಅದು ನಿಜಕ್ಕೂ ಬೇಸರದ ವಿಷಯ.

ಪಟ್ಟಣದಲ್ಲಿ ಇಷ್ಟು ನೇರ ದಾರಿ ಇಲ್ಲ. ವಾರ್ಡ್ ಸಮಿತಿ ಇದೆ. ಬೆಂಗಳೂರಿನಲ್ಲಿ ಜನ ಕೇಳಿ ಕೇಳಿ, ಹೈಕೋರ್ಟ್ ಮೆಟ್ಟಿಲೂ ಹತ್ತಿದ ಮೇಲೆ ಬಿಬಿಎಂಪಿ ಕಾಲದಲ್ಲಿ ತಿಂಗಳ ಮೊದಲ ಶನಿವಾರ ಸಭೆ ನಡೆಸುವ ರೂಢಿ ಬಂದಿತ್ತು. ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಅಧಿಕಾರಿಗಳೇ ಸಭೆ ನಡೆಸಬೇಕಾಯಿತು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ, ಸಭೆ ಯಾವತ್ತು ಅಂತ ಪಾಲಿಕೆ ಕಚೇರಿಯಲ್ಲಿ ಕೇಳಿ. ಬೇರೆ ಊರುಗಳ ಪುರಸಭೆ, ನಗರಸಭೆಗಳಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ, ಸಾಮಾನ್ಯವಾಗಿ ಬಜೆಟ್ ಮಂಡಿಸುವ ಒಂದೆರಡು ತಿಂಗಳ ಮುಂಚೆ. ಅದಕ್ಕೆ ಹೋಗಿ. ಬಜೆಟ್ ಆದ ಮೇಲೆ ಹೋದರೆ ದುಡ್ಡಿಲ್ಲ ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಅರ್ಜಿ ಬರೆಯುವುದು

ಒಂದು ಅರ್ಜಿಯಲ್ಲಿ ಒಂದೇ ವಿಷಯ. ರಸ್ತೆ, ನೀರು, ಬೀದಿ ದೀಪ, ನಾಯಿ ಕಾಟ ಎಲ್ಲ ಒಂದೇ ಹಾಳೆಯಲ್ಲಿ ತುಂಬಿದರೆ ಅದು ಯಾರ ಟೇಬಲ್ಲಿಗೂ ಸರಿಯಾಗಿ ಸೇರುವುದಿಲ್ಲ. ಜಾಗ ಸ್ಪಷ್ಟವಾಗಿರಲಿ: ಯಾವ ವಾರ್ಡು, ಯಾವ ಅಡ್ಡರಸ್ತೆ, ಯಾವ ಅಂಗಡಿ ಎದುರು. ಕೊನೆಗೆ ಏನು ಬೇಕು ಅಂತ ನೇರವಾಗಿ ಕೇಳಿ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಅಂತ ಮುಗಿಸಿದರೆ ಅವರು ಏನು ಮಾಡಿದರೂ ಸೂಕ್ತ ಕ್ರಮವೇ ಆಗುತ್ತದೆ. ಅದರ ಬದಲು ಹೀಗೆ ಬರೆಯಿರಿ:

"ಸರ್ಕಾರಿ ಶಾಲೆ ಎದುರಿನ ಮೋರಿ ಒಡೆದು ರಸ್ತೆಗೆ ಕೊಳಚೆ ಹರಿಯುತ್ತಿದೆ. ಮಕ್ಕಳು ಅದರಲ್ಲೇ ನಡೆದು ಹೋಗುತ್ತಿದ್ದಾರೆ. ಮೋರಿಯನ್ನು ಸರಿಪಡಿಸಿ, ಅದರ ಮೇಲೆ ಚಪ್ಪಡಿ ಮುಚ್ಚಿಸಿಕೊಡಬೇಕು. ಈ ಕೆಲಸವನ್ನು ಯಾವ ಯೋಜನೆಯಲ್ಲಿ, ಯಾವ ದಿನಾಂಕದೊಳಗೆ ಮಾಡುತ್ತೀರಿ ಎಂದು ಹಿಂಬರಹ ಕೊಡಬೇಕು."

ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳುವುದು ಮುಖ್ಯ, ಯಾಕೆಂದರೆ ಆಗಲ್ಲ ಅಂತಾದರೂ ಬರೆದು ಕೊಟ್ಟರೆ ಮುಂದಿನ ಹೆಜ್ಜೆಗೆ ನಿಮ್ಮ ಕೈಯಲ್ಲೊಂದು ಕಾಗದ ಇರುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಸಾಹೇಬರು ಇಲ್ಲ, ನಾಳೆ ಬನ್ನಿ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು, ಆದರೆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಗೆಹರಿಯದೇ ದೂರು ಮುಚ್ಚಿದರೆ ಆ ನಂಬರನ್ನೇ ಮುಂದಿನ ಅರ್ಜಿಯಲ್ಲಿ ಬರೆಯಿರಿ.

ಆರ್‌ಟಿಐ

ಇದು ಮಾಹಿತಿ ಹಕ್ಕು ಕಾಯ್ದೆಯಡಿ ಸರ್ಕಾರಿ ದಾಖಲೆ ಕೇಳುವ ಅರ್ಜಿ. ಫೀಸು 10 ರೂಪಾಯಿ, ಬಿಪಿಎಲ್ ಆಗಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ನಿಯಮ ಇದೆ, ಅರ್ಜಿ ಒಂದೇ ವಿಷಯದ ಮೇಲಿರಬೇಕು ಮತ್ತು 150 ಪದ ಮೀರಬಾರದು. ಇದನ್ನು ಮರೆತರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಬರಬೇಕು. ಬರಲಿಲ್ಲ ಅಥವಾ ಅರ್ಧಂಬರ್ಧ ಬಂತು ಅಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪು ಕಚೇರಿಗೆ ಹಾಕಿದರೂ ಚಿಂತೆಯಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಕೆಲಸ.

ಇಲ್ಲಿ "ಯಾಕೆ ರಸ್ತೆ ಮಾಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ದಾಖಲೆ ಕೇಳಿ. ಅಂದಾಜು ಪಟ್ಟಿಯ ಪ್ರತಿ, ಕಾರ್ಯಾದೇಶದ (ಗುತ್ತಿಗೆದಾರರಿಗೆ ಕೊಟ್ಟ ಕೆಲಸದ ಆದೇಶ) ಪ್ರತಿ, ಎಂಬಿ ಪುಸ್ತಕದ ಆ ಪುಟಗಳು, ಕೊಟ್ಟ ಬಿಲ್ಲು. ಈ ನಾಲ್ಕು ಸಿಕ್ಕರೆ ಒಂದು ಕಾಮಗಾರಿಯ ಹಣೆಬರಹ ಪೂರ್ತಿ ಗೊತ್ತಾಗುತ್ತದೆ.

ಆಕ್ಷೇಪಣೆಯ ದಿನಗಳು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಮತ್ತು ಜನ ತುಂಬಾ ಕಡಿಮೆ ಬಳಸುವುದೂ ಇದನ್ನೇ. ಕಾನೂನೇ ಬನ್ನಿ, ಹೇಳಿ ಅಂತ ಕರೆಯುವ ದಿನಗಳು ಇವು. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಅಧಿಕಾರಿ ಕನಿಷ್ಠ ಹತ್ತು ದಿನ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ನಗರದ ಮಾಸ್ಟರ್ ಪ್ಲಾನ್ ಕರಡು ಬಂದಾಗ, ಜಮೀನಿನ ಬಳಕೆ ಬದಲಾಯಿಸುವಾಗ ಕೂಡ ಆಕ್ಷೇಪಣೆಗೆ ಸಮಯ ಕೊಡಬೇಕು. ವಿದ್ಯುತ್ ದರ ಏರಿಸಲು ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಅರ್ಜಿ ಹಾಕಿದಾಗ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಪಂಪ್‌ಸೆಟ್ ರೈತರು, ಸಣ್ಣ ಕೈಗಾರಿಕೆಯವರು ಬಂದು ವಾದ ಮಾಡುತ್ತಾರೆ. ಮನೆ ಬಳಕೆದಾರರೂ ಹೋಗಬಹುದು.

ಗಣಿ, ದೊಡ್ಡ ಕಾರ್ಖಾನೆ ಅಂಥ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಕೆಳಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಾಡು ಮಾಡುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ನಡೆಸುತ್ತಾರೆ. 30 ದಿನ ಮುಂಚೆ ಪೇಪರಿನಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಈ ಸಭೆಗೆ ಕೋರಂ ಇಲ್ಲ, ಹಾಗಾಗಿ ನೀವು ಯಾರೂ ಹೋಗದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಬಹಿಷ್ಕಾರ ಹಾಕುವ ಮುಂಚೆ ಇದನ್ನು ಯೋಚಿಸಿ. ಹೋಗಿ, ಮಾತಾಡಿ, ಹೇಳಿದ್ದನ್ನೇ ಬರೆದೂ ಕೊಡಿ. ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವೇ ಇದೆ. ಊಟಕ್ಕೆ ಅಂತ ಎದ್ದು ಬರಬೇಡಿ, ಓದುವವರೆಗೂ ಇರಿ, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿ ಅನ್ನಿ.

ಸರ್ಕಾರ ಹೊಸ ನಿಯಮ ಮಾಡುವಾಗಲೂ ಸಾಮಾನ್ಯವಾಗಿ ಕರಡನ್ನು ರಾಜ್ಯಪತ್ರದಲ್ಲಿ ಹಾಕಿ ಸಲಹೆ, ಆಕ್ಷೇಪಣೆ ಕರೆಯುತ್ತದೆ. ವಾರಕ್ಕೊಮ್ಮೆ ಇಲಾಖೆಯ ವೆಬ್‌ಸೈಟ್ ಮತ್ತು ಜಿಲ್ಲಾ ಆವೃತ್ತಿಯ ಪ್ರಕಟಣೆ ಪುಟ ನೋಡುವ ಕೆಲಸವನ್ನು ನಿಮ್ಮ ಗುಂಪಿನಲ್ಲಿ ಒಬ್ಬರು ವಹಿಸಿಕೊಳ್ಳಲಿ.

ಗಲಾಟೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಸಾವಿರಾರು ಜನ ಮಾನವ ಸರಪಳಿ ಮಾಡಿದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಸೇತುವೆ, ಹೋಗಬೇಕಿದ್ದ ಮರಗಳು 812. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿಯಲ್ಲಿ ಜನ ನಿಂತಿದ್ದಲ್ಲದೆ ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆಯೂ ಇತ್ತು, ಯೋಜನೆಯ ಲೆಕ್ಕಾಚಾರ ಕೆದಕಿ ಪ್ರಶ್ನೆ ಕೇಳಿದವರೂ ಇದ್ದರು. ಜನರೂ ಬೇಕು, ಕಾಗದವೂ ಬೇಕು. ಈಗ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಲು ಜಾಗ ಫ್ರೀಡಂ ಪಾರ್ಕ್ ಮಾತ್ರ, ಪೊಲೀಸ್ ಅನುಮತಿ ಮೊದಲೇ ತಗೊಳ್ಳಬೇಕು.

ವಿಧಾನಸೌಧದ ಕಡೆ

ಶಾಸಕರ ಬಳಿ ಮದುವೆ ಮನೆಯಲ್ಲಿ ಕೈಮುಗಿದು ಹೇಳಿದ್ದು ನೆನಪಿರುವುದಿಲ್ಲ. ಅಧಿವೇಶನ ಶುರುವಾಗುವ ಮುಂಚೆಯೇ ಹೋಗಿ, ಒಂದು ಪುಟದಲ್ಲಿ ವಿಷಯ, ಜೊತೆಗೆ ಆರ್‌ಟಿಐನಲ್ಲಿ ಸಿಕ್ಕ ದಾಖಲೆ, ಕೆಳಗೆ ಎರಡು ಮೂರು ತಯಾರಾದ ಪ್ರಶ್ನೆ ಬರೆದುಕೊಡಿ. ಪ್ರಶ್ನೆಗೆ ಮುಂಗಡ ನೋಟಿಸ್ ಬೇಕಿರುವುದರಿಂದ ತಡ ಮಾಡಬೇಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಹೇಳಬೇಕು, ಚುಕ್ಕೆ ಇಲ್ಲದ್ದಕ್ಕೆ ಬರೆದು ಕೊಡುತ್ತಾರೆ. ಎರಡೂ ದಾಖಲೆಯೇ. ನಿಮ್ಮ ಶಾಸಕರು ಆಡಳಿತ ಪಕ್ಷದವರಾಗಿ ಹಿಂಜರಿದರೆ ವಿಧಾನ ಪರಿಷತ್ತಿನ ಸದಸ್ಯರಿದ್ದಾರೆ. ಶಿಕ್ಷಕರ, ಪದವೀಧರರ ಕ್ಷೇತ್ರದವರನ್ನು ಮರೆಯಬೇಡಿ. ಎರಡೂ ಸದನಗಳಿಗೆ ಅರ್ಜಿಗಳ ಸಮಿತಿಯೂ ಇದೆ. ಉತ್ತರ ಕರ್ನಾಟಕದವರಿಗೆ ಬೆಳಗಾವಿ ಸುವರ್ಣ ವಿಧಾನಸೌಧದ ಅಧಿವೇಶನ ಒಳ್ಳೆಯ ಹೊತ್ತು, ಮಂತ್ರಿಗಳು ಪ್ರತಿಭಟನೆಯ ಜಾಗಕ್ಕೇ ಬಂದು ಮನವಿ ತಗೊಳ್ಳುವುದು ಅಲ್ಲಿ ರೂಢಿ.

ಜಾತಿ ಪ್ರಮಾಣಪತ್ರ, ಖಾತೆ ಬದಲಾವಣೆಯಂಥ ಕೆಲಸ ತಡವಾದರೆ ಸಕಾಲ (ನಿಗದಿತ ದಿನದೊಳಗೆ ಸೇವೆ ಕೊಡಿಸುವ ಕಾಯ್ದೆ) ಅಡಿ ಅರ್ಜಿಗೆ ಕೊಟ್ಟ ಜಿಎಸ್‌ಸಿ ನಂಬರ್ ಹಿಡಿದು ಮೇಲ್ಮನವಿ ಹಾಕಿ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಲಂಚ, ಅಕ್ರಮಕ್ಕೆ ಪುರಾವೆ ಕೈಯಲ್ಲಿದ್ದರೆ ಲೋಕಾಯುಕ್ತಕ್ಕೆ ನಿಗದಿತ ಫಾರಂ ಮತ್ತು ಅಫಿಡವಿಟ್ ಜೊತೆ ದೂರು ಕೊಡಬಹುದು. ಬರೀ ಅನುಮಾನದ ಮೇಲೆ ಕೊಡಬೇಡಿ.

ಒಬ್ಬರೇ ಹೋಗಬೇಡಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಮಾಹಿತಿ ಕೇಳಿದವರ ಮೇಲೆ ನಮ್ಮ ರಾಜ್ಯದಲ್ಲೂ ಹಲ್ಲೆ ಆಗಿದೆ, ಕೊಲೆಯೂ ಆಗಿದೆ. ಮರಳು, ಜಮೀನು, ಗುತ್ತಿಗೆ ವಿಷಯವಾದರೆ ಒಂದೇ ಪ್ರಶ್ನೆಯ ಆರ್‌ಟಿಐ ಅರ್ಜಿಯನ್ನು ನಾಲ್ಕೈದು ಜನ ಬೇರೆ ಬೇರೆಯಾಗಿ ಹಾಕಿ, ಬಂದ ದಾಖಲೆಯ ಪ್ರತಿಗಳನ್ನು ಒಬ್ಬ ವಕೀಲರ ಹತ್ತಿರ, ಇನ್ನೊಂದು ಊರಿನ ಸ್ನೇಹಿತರ ಹತ್ತಿರ ಇಟ್ಟಿರಿ. ಬೆದರಿಕೆ ಬಂದರೆ ಅವತ್ತೇ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ, ಅದರ ಪ್ರತಿಯನ್ನು ಎಸ್‌ಪಿ ಅವರಿಗೂ ಪೋಸ್ಟಿನಲ್ಲಿ ಕಳಿಸಿ.