‘ಅಜ್ಜಿಯ ಹಾಡು ಎಲ್ಲಿ?’: ಮದುವೆ ವೀಡಿಯೋದವನ ಅನುಭವ

ಶಿರಸಿ ಸುತ್ತಮುತ್ತ, ಘಟ್ಟ ಇಳಿದರೆ ಕುಮಟಾ, ಅಂಕೋಲಾ, ಕಾರವಾರದವರೆಗೆ ಮದುವೆ ವೀಡಿಯೋ ಮಾಡಿಕೊಂಡಿದ್ದೇನೆ. ಫೋನ್ ಮಾಡುವವರು ಮೊದಲು ಕೇಳೋದು ಎರಡೇ. ರೇಟ್ ಎಷ್ಟು, ಡ್ರೋನ್ ಉಂಟಾ? ನಾನೂ ಮೊದಮೊದಲು ಅಷ್ಟಕ್ಕೇ ಉತ್ತರ ಕೊಟ್ಟು, ಅಡ್ವಾನ್ಸ್ ತಗೊಂಡು ಸುಮ್ಮನಾಗುತ್ತಿದ್ದೆ.

ಒಂದು ಮದುವೆಯ ನಂತರ ಆ ಅಭ್ಯಾಸ ಬಿಟ್ಟೆ. ಸಿದ್ದಾಪುರ ರಸ್ತೆಯಿಂದ ಒಳಗೆ ಹೋಗಬೇಕಾದ ತೋಟದ ಮನೆ, ಏಪ್ರಿಲ್ ತಿಂಗಳು. ಮುಹೂರ್ತ ಚೊಲೋ ಸಿಕ್ಕಿತ್ತು. ಸಂಜೆ ದಿಬ್ಬಣ ಹೊರಡುವ ಹೊತ್ತಿಗೆ ನಾನು ಅಂಗಳದ ಆಚೆ ಹೂವಿನ ಕಾರು ತೆಗೆಯುತ್ತಿದ್ದೆ. ಅದೇ ಹೊತ್ತಿಗೆ ಒಳಗೆ ಜಗಲಿಯಲ್ಲಿ ಹುಡುಗಿಯ ಅಜ್ಜಿ ಹೆಣ್ಣು ಒಪ್ಪಿಸುವ ಹಾಡು ಹೇಳಿದ್ದಾರೆ. ಮನೆಯವರೆಲ್ಲ ಅತ್ತಿದ್ದಾರೆ. ಜನರೇಟರ್ ಸದ್ದಿನಲ್ಲಿ ನನಗೆ ಒಂದಕ್ಷರ ಕೇಳಲಿಲ್ಲ. ತಿಂಗಳ ಮೇಲೆ ಪೆನ್‌ಡ್ರೈವ್ ಕೊಟ್ಟೆ. ಎರಡು ದಿನಕ್ಕೆ ಹುಡುಗಿಯ ಫೋನ್ ಬಂತು. ‘ಅಣ್ಣಾ, ಎಲ್ಲಾ ಚೊಲೋ ಬಂದಿದೆ. ಅಜ್ಜಿಯ ಹಾಡು ಎಲ್ಲಿ?’

ಇರಲಿಲ್ಲ. ಕಾರಿನದು ನಾಲ್ಕು ನಿಮಿಷ ಇತ್ತು.

ಈಗ ಬುಕಿಂಗ್ ಆದ ಮೇಲೆ ಹುಡುಗ, ಹುಡುಗಿ ಇಬ್ಬರ ಹತ್ತಿರವೂ ಅರ್ಧ ಗಂಟೆ ಮಾತಾಡುತ್ತೇನೆ. ಯಾರು ಕಾಣದಿದ್ದರೆ ನಿಮಗೆ ಈ ವೀಡಿಯೋ ನೋಡೋಕೆ ಬೇಜಾರಾಗುತ್ತದೆ? ಅಂಥ ಐದು ಹೆಸರು ಕೊಡಿ ಅನ್ನುತ್ತೇನೆ. ಮೊದಲು ಅಪ್ಪ, ಅಮ್ಮ, ಸೋದರಮಾವ ಅಂತ ಶುರುವಾಗುತ್ತದೆ. ಆಮೇಲೆ ಯೋಚನೆ ಮಾಡುತ್ತಾರೆ. ಒಬ್ಬ ಹುಡುಗ ಹೇಳಿದ್ದು, ಮನೆಗೆ ಅಡಕೆ ಸುಲಿಯೋಕೆ ಬರುತ್ತಿದ್ದ ಹೆಂಗಸಿನ ಹೆಸರು. ಸಣ್ಣವನಿದ್ದಾಗ ಅವನನ್ನು ಎತ್ತಿ ಆಡಿಸಿದವಳಂತೆ. ಮದುವೆಯ ದಿನ ಆಕೆ ಚಪ್ಪರದ ಕಂಬದ ಹಿಂದೆ, ಸೆರಗಿನಲ್ಲಿ ಅಕ್ಷತೆ ಹಿಡಿದು ನಿಂತಿದ್ದಳು. ಅವನು ಹೇಳದೇ ಇದ್ದರೆ ನನ್ನ ಕ್ಯಾಮೆರಾ ಅತ್ತ ತಿರುಗುತ್ತಲೇ ಇರಲಿಲ್ಲ. ಹೆಸರಿನ ಜೊತೆಗೆ ಮುಖ ಗುರುತು ಹಿಡಿದು ತೋರಿಸುವ ಒಬ್ಬರನ್ನೂ ಕೊಡಿ. ಸೋದರಮಾವ ಬೇಡ, ಅವರಿಗೆ ಅವತ್ತು ಉಸಿರಾಡೋಕೂ ಪುರುಸೊತ್ತಿರುವುದಿಲ್ಲ. ಕಾಲೇಜಿಗೆ ಹೋಗುವ ತಮ್ಮನೋ ತಂಗಿಯೋ ಸಾಕು.

ಇನ್ನು ಬಣ್ಣದ ವಿಷಯ. ಇದನ್ನು ಯಾರೂ ನಂಬುವುದಿಲ್ಲ. ಒಂದು ಕಡೆ ಮಂಟಪದ ಮೇಲೆ ದಟ್ಟ ಗುಲಾಬಿ ಶಾಮಿಯಾನ ಹಾಕಿಸಿದ್ದರು. ಹನ್ನೊಂದು ಗಂಟೆಯ ಬಿಸಿಲು ಆ ಬಟ್ಟೆಯಿಂದ ಸೋಸಿ ಇಳಿದು ಹುಡುಗಿಯ ಮುಖ ಗುಲಾಬಿ, ಭಟ್ಟರ ಬಿಳಿ ಗಡ್ಡ ಗುಲಾಬಿ, ತಟ್ಟೆಯ ತೆಂಗಿನಕಾಯಿ ಹೋಳೂ ಗುಲಾಬಿ. ‘ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಬಹುದಲ್ವಾ?’ ಅಂದರು. ಮಾಡಿದೆ. ಮುಖ ಸರಿಯಾಯಿತು, ಹಿಂದೆ ಕಾಣುವ ತೋಟ ಎಲ್ಲಾ ಹಸಿರು ಚೆಲ್ಲಿದ ಹಾಗಾಯಿತು. ಹಸಿರು ಶೇಡ್‌ನೆಟ್ ಆದರೆ ಇನ್ನೂ ಕಷ್ಟ, ಎಲ್ಲರೂ ಹೊಟ್ಟೆ ಕೆಟ್ಟವರ ಹಾಗೆ ಕಾಣುತ್ತಾರೆ. ಊಟದ ಚಪ್ಪರಕ್ಕೆ ಯಾವ ಬಣ್ಣ ಬೇಕಾದರೂ ಹಾಕಿಸಿ. ಮಂಟಪದ ಮೇಲೆ ಮಾತ್ರ ಬಿಳಿ ಬಟ್ಟೆ ಇರಲಿ. ಬಣ್ಣ ಬದಲಾಯಿಸುತ್ತಾ ಮಿಣುಕುವ ಲೈಟ್‌ಗಳನ್ನು ಮುಹೂರ್ತ ಮುಗಿಯುವವರೆಗೆ ಆರಿಸಿಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವಂಥದ್ದು. ಅದಕ್ಕೆ ಹೊಂದುವ ಹಾಗೆ ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಭಾಗಕ್ಕೆ ಇಟ್ಟರೂ ಕೆಲವು ಅಗ್ಗದ ಎಲ್‌ಇಡಿಗಳು ಚಿತ್ರದ ಮೇಲೆ ಪಟ್ಟೆ ಓಡಿಸುತ್ತವೆ.

ಧ್ವನಿಯದ್ದು ಬೇರೆಯೇ ಗೋಳು. ಕಾಲರ್ ಮೈಕ್ ಅನ್ನುತ್ತಾರೆ, ನಮ್ಮ ಕಡೆ ಧಾರೆಯ ಹೊತ್ತಿಗೆ ಮದುಮಗನ ಮೈಮೇಲೆ ಕಾಲರ್ ಎಲ್ಲಿರುತ್ತದೆ? ಶಲ್ಯಕ್ಕೆ ಸಿಕ್ಕಿಸೋಣ ಅಂದರೆ ಮಡಿ. ಭಟ್ಟರ ಹತ್ತಿರ ನಾನು ಕೇಳಿದರೆ ಒಂದು ಉತ್ತರ, ಹುಡುಗನ ಅಪ್ಪ ಹಿಂದಿನ ದಿನವೇ ಕೇಳಿಟ್ಟರೆ ಇನ್ನೊಂದು ಉತ್ತರ. ಹಾಗಾಗಿ ಆ ಕೆಲಸ ಮನೆಯವರಿಗೇ ಬಿಡುತ್ತೇನೆ. ಆಗದೇ ಇದ್ದರೆ ಮಂಟಪದ ಬಾಳೆಕಂಬಕ್ಕೆ ಸಣ್ಣ ಮೈಕ್ ಕಟ್ಟುತ್ತೇನೆ. ಸಪ್ತಪದಿಯ ಒಂದೊಂದು ಹೆಜ್ಜೆಗೂ ಭಟ್ಟರು ಕನ್ನಡದಲ್ಲಿ ಅರ್ಥ ಹೇಳಿದರೆ, ಹುಡುಗಿ ಮೆಲ್ಲಗೆ ನಕ್ಕರೆ, ಅದು ಕೇಳಬೇಕು. ಜನರೇಟರನ್ನು ಕೊಟ್ಟಿಗೆಯ ಹಿಂದೆ ಇಡಿಸಿ, ಉದ್ದ ವಾಯರ್ ಎಳೆಸಿ. ಬೇಸಿಗೆಯಲ್ಲಿ ಕರೆಂಟು ನಂಬುವ ಹಾಗಿಲ್ಲ.

ಮುಹೂರ್ತದ ಒಂದು ನಿಮಿಷಕ್ಕೆ ಎಲ್ಲಾ ಮೊಬೈಲ್‌ಗಳೂ ಮಂಟಪ ಹತ್ತುತ್ತವೆ. ಬೇಡ ಅಂತ ನಾನು ಹೇಳಿದರೆ ಜಗಳ. ಹೊನ್ನಾವರದ ಒಂದು ಮದುವೆಯಲ್ಲಿ ಹುಡುಗಿಯ ದೊಡ್ಡಪ್ಪನೇ ಮೈಕ್ ಹಿಡಿದು, ‘ಅಂತರಪಟ ಸರಿಯುವಾಗ ದಯವಿಟ್ಟು ಎಲ್ಲರೂ ಕೂತೇ ಅಕ್ಷತೆ ಹಾಕಿ, ವೀಡಿಯೋ ಗ್ರೂಪಿಗೆ ಕಳಿಸುತ್ತೇವೆ’ ಅಂದರು. ಕೂತರು. ಮನೆಯ ಹಿರಿಯರ ಮಾತಿಗೆ ಇರುವ ತೂಕ ಬಾಡಿಗೆಗೆ ಬಂದ ನನಗೆಲ್ಲಿ? ಅಂತರಪಟ ಸರಿದ ತಕ್ಷಣ ಮಾಲೆ ಹಾಕಿ ಮುಗಿಸುವ ಅವಸರವನ್ನೂ ಮಾಡಬೇಡಿ. ಒಮ್ಮೆ ಮುಖ ನೋಡಿಕೊಳ್ಳಿ, ಕ್ಯಾಮೆರಾ ಕಡೆ ಅಲ್ಲ.

ಡ್ರೋನ್ ಬಗ್ಗೆ ಒಂದೇ ಮಾತು. ಕಾರವಾರದಲ್ಲಿ ನೌಕಾನೆಲೆ, ಅಲ್ಲೇ ಮೇಲೆ ಕೈಗಾ ಅಣುಸ್ಥಾವರ. ಕೆಂಪು ವಲಯ ಅಂತ ಗುರುತಿಸಿದ ಡ್ರೋನ್ ನಿರ್ಬಂಧದ ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ‘ಎರಡೇ ನಿಮಿಷ, ಯಾರು ನೋಡುತ್ತಾರೆ’ ಅಂತ ಒತ್ತಾಯ ಮಾಡಬೇಡಿ. ಆ ದುಡ್ಡಿನಲ್ಲಿ ಒಂದು ಹಾರ್ಡ್‌ಡಿಸ್ಕ್ ತಂದುಕೊಡಿ. ನಾನು ತೆಗೆಯುವ 4ಕೆ ವೀಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ ಏಳು ಗಂಟೆ ಓಡಿದರೆ 630 ಜಿಬಿ. ಎಡಿಟ್ ಮಾಡಿದ್ದಷ್ಟೇ ಅಲ್ಲ, ಪೂರ್ತಿ ತುಂಬಿಸಿಕೊಂಡು ಹೋಗಿ. ನಾನು ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳೋಕೆ ಆಗುವುದಿಲ್ಲ. ಇಬ್ಬರದೇ ದೃಶ್ಯ ಬೇಕಾದರೆ ಯಾಣಕ್ಕೇ ಹೋಗಬೇಕಂತಿಲ್ಲ. ಸಂಜೆ ಐದರ ಮೇಲೆ ಇಪ್ಪತ್ತು ನಿಮಿಷ ನಿಮ್ಮ ತೋಟದಲ್ಲೇ ನನಗೆ ಬಿಟ್ಟುಕೊಡಿ. ಆ ಹೊತ್ತಿಗೆ ಯಾರೂ ನಿಮ್ಮನ್ನು ಫೋಟೋಕ್ಕೆ ಎಳೆಯಬಾರದು, ಅಷ್ಟೇ.

ಆ ತೋಟದ ಮನೆಗೆ ಮತ್ತೆ ಹೋಗಿದ್ದೆ, ತಂಗಿಯ ಮದುವೆಗೆ. ನನ್ನನ್ನೇ ಕರೆದಿದ್ದು ನನಗೇ ಆಶ್ಚರ್ಯ. ಐದು ಹೆಸರು ಕೇಳಿದಾಗ ಮೊದಲನೆಯದೇ ಅಜ್ಜಿ. ಈ ಸಲ ಕಾರಿನ ಹತ್ತಿರ ಹೋಗಲಿಲ್ಲ. ಜಗಲಿಯಲ್ಲಿ ಅಜ್ಜಿಯ ಸೆರಗಿಗೆ ಮೈಕ್ ಸಿಕ್ಕಿಸಿದೆ. ‘ಅದೆಂತದಾ ತಮಾ?’ ಅಂದರು. ಮೈಕು ಅಂದೆ. ಜನರೇಟರ್ ಆರಿಸಿದರು. ಅಜ್ಜಿಗೆ ಎರಡನೇ ನುಡಿ ಮರೆತುಹೋಯಿತು, ಪಕ್ಕದಲ್ಲಿ ಕೂತಿದ್ದ ಹಿರಿಮಗಳು ಎತ್ತಿಕೊಟ್ಟರು. ನಡುವೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದ್ದೂ ಬಂದಿದೆ. ಅದನ್ನು ಕತ್ತರಿಸಲಿಲ್ಲ. ಅಕ್ಕ ಆ ಒಂದು ತುಂಡನ್ನು ತನಗೂ ಕಾಪಿ ಮಾಡಿಸಿಕೊಂಡಳು.