ಗ್ರೂಪಿನ ಮಾತು, ಗಲ್ಲಾದ ಲೆಕ್ಕ

ಬಳ್ಳಾರಿಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಗ್ರಾಫ್ ಪುಸ್ತಕಗಳ ಹಿಂದಿನ ಕಪಾಟಿನಲ್ಲಿ ಒಂದೇ ಆಟದ ಆರು ಪುಸ್ತಕ ಇಟ್ಟಿದ್ದೆ. ಐದು ಈಗಲೂ ಅಲ್ಲೇ ಇವೆ. ಆರನೆಯದನ್ನು ನಾನೇ ಮನೆಗೆ ಒಯ್ದೆ.

ಇದು ಪಾತ್ರವಾಗಿ ಆಡುವ ಆಟ. ಐದಾರು ಜನ ಸುತ್ತ ಕೂರಬೇಕು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ದಾಳ ಉರುಳಿಸುತ್ತಾರೆ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಇವಕ್ಕೆಲ್ಲ ಹಿರಿಯಣ್ಣ. ಭಾನುವಾರ ಅಂಗಡಿ ಮೇಲಿನ ಕೋಣೆಯಲ್ಲಿ ನಾವೂ ಆಡ್ತೀವಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಜೊತೆ. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಬೇಡ್ರೋ ಅಂತ ಬೈಯೋದರಲ್ಲೇ ನನಗೆ ಅರ್ಧ ಆಟ ಮುಗಿಯುತ್ತೆ.

2023ರ ಜನವರಿಯಲ್ಲಿ ಗಲಾಟೆ ಎದ್ದಿತು. ಡಂಜನ್ಸ್ ಅಂಡ್ ಡ್ರಾಗನ್ಸ್ ಒಡೆತನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. ಬೇರೆಯವರು ಆಟದ ನಿಯಮ ಬಳಸುವ ಲೈಸೆನ್ಸನ್ನು ಅದು ಬಿಗಿ ಮಾಡಲು ಹೊರಟಿದ್ದು ಸೋರಿಕೆಯಾಯ್ತು. ನಮ್ಮ ಫೋನ್ ಗ್ರೂಪಿನಲ್ಲೂ ಅದೇ ಮಾತು: ಡ್ರಾಗನ್ಸ್ ಕತೆ ಮುಗೀತು. ನಾನು ನಂಬಿದೆ. ಅದರ ಪೆಟ್ಟಿಗೆಗಳ ಆರ್ಡರ್ ನಿಲ್ಲಿಸಿ, ಎಲ್ಲರೂ ಹೊಗಳುತ್ತಿದ್ದ ಒಂದು ಪುಟ್ಟ ಆಟದ ಆರು ಪ್ರತಿ ತರಿಸಿದೆ.

ಬೇಸಿಗೆ ರಜೆಗೆ ತೋರಣಗಲ್ಲಿನಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. "ಅಣ್ಣಾ, ಆ ಡ್ರಾಗನ್ ಆಟದ ಡಬ್ಬಿ ಐತೇನ್ರಿ?" ನಾನು ನನ್ನ ಪುಸ್ತಕ ಮುಂದಿಟ್ಟೆ. ಹುಡುಗ ತಿರುವಿ ಹಾಕಿ, "ಇದರಾಗ ಡ್ರಾಗನ್ನೇ ಇಲ್ಲ" ಅಂದ. ಲೈಸೆನ್ಸ್ ಗಲಾಟೆ ಹೇಳಲು ಹೋದೆ. ತಾಯಿ ಕೇಳಿದರು, "ಆಟಕ್ಕೂ ಲೈಸೆನ್ಸ್ ಬೇಕೇನ್ರಿ?"

ಅವತ್ತೇ ರಾತ್ರಿ ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದೆ. ಎಡಕ್ಕೆ ಗ್ರೂಪಲ್ಲಿ ಯಾರು ಏನಂದರು, ಬಲಕ್ಕೆ ಯಾರು ದುಡ್ಡು ಕೊಟ್ಟು ಏನು ಒಯ್ದರು. ಒಂದು ವರ್ಷ ಬರೆದೆ. ಎಡಗಡೆಯ ಹೆಸರು ಬಲಕ್ಕೆ ಬಂದಿದ್ದೇ ಕಮ್ಮಿ. ಜಾಸ್ತಿ ಮಾತಾಡುವವರು ಕತೆ ನಡೆಸುವವರು, ಅವರ ಹತ್ತಿರ ಪುಸ್ತಕ ಮೊದಲೇ ಇರುತ್ತೆ. ಐದು ಜನ ಆಡುವ ಕಡೆ ಒಂದೇ ಪುಸ್ತಕ ಸಾಕು. ಉಳಿದವರು ಏಳು ದಾಳದ ಸೆಟ್ ಒಯ್ತಾರೆ, ಬಾಯಿ ಬಿಡಲ್ಲ. ಈಗ ಆಟ ಎಷ್ಟು ಓಡ್ತಿದೆ ಅನ್ನೋದಕ್ಕೆ ನಾನು ದಾಳ ಎಣಿಸ್ತೀನಿ.

ಹಾಗಂತ ಗ್ರೂಪಿನ ಸಿಟ್ಟೆಲ್ಲ ಸುಮ್ನೆ ಅಲ್ಲ. 2008ರಲ್ಲಿ ಡ್ರಾಗನ್ಸ್ ಆಟದ ನಾಲ್ಕನೇ ಆವೃತ್ತಿ ಬಂದಾಗ ತುಂಬಾ ಜನ ಮುನಿಸಿಕೊಂಡರು. 2009ರಲ್ಲಿ ಪೈಜೋ ಕಂಪನಿ ಹಳೆಯ ನಿಯಮಗಳನ್ನೇ ತಿದ್ದಿ ಪಾತ್‌ಫೈಂಡರ್ ಅನ್ನೋ ಆಟ ತಂದಿತು. ಮುನಿಸಿಕೊಂಡವರಿಗೆ ಹೋಗಲು ಜಾಗ ಸಿಕ್ಕಿತು, ಹೋದರು. 2023ರಲ್ಲೂ ಜನ ಬರೀ ಬೈಯಲಿಲ್ಲ, ಆ ಕಂಪನಿಯ ಆನ್‌ಲೈನ್ ಚಂದಾ ರದ್ದು ಮಾಡಿದರು. ತಿಂಗಳು ಮುಗಿಯೋದರೊಳಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸಿನ ಅಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಸುದ್ದಿಯನ್ನೂ ಓದಿದ್ದೆ. ಆದರೆ ಅಷ್ಟರಲ್ಲಿ ನನ್ನ ಆರು ಪುಸ್ತಕ ಲಾರಿ ಹತ್ತಿಯಾಗಿತ್ತು!

2024ರಲ್ಲಿ ಆಟಗಾರರ ಹೊಸ ಕೈಪಿಡಿ ಬಂತು. ಇಷ್ಟು ಬೇಗ ತನ್ನ ಯಾವ ಡ್ರಾಗನ್ಸ್ ಪುಸ್ತಕವೂ ಖರ್ಚಾಗಿರಲಿಲ್ಲ ಅಂತ ಕಂಪನಿಯೇ ಹೇಳಿತು. ನಾನು ಎರಡೇ ಪ್ರತಿ ತರಿಸಿದೆ, ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ನಾನು. ಮೊದಲನೆಯದನ್ನು ಒಯ್ದವನು, ಇನ್ನು ಆ ಕಂಪನಿಗೆ ಒಂದು ರೂಪಾಯಿ ಕೊಡಲ್ಲ ಅಂತ ಗ್ರೂಪಲ್ಲಿ ಆಣೆ ಇಟ್ಟಿದ್ದ ನಮ್ಮ ಹುಡುಗನೇ. ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು, "ಗ್ರೂಪಲ್ಲಿ ಹಾಕಬ್ಯಾಡ್ರಣ್ಣಾ" ಅಂದ.