ಮಲೆನಾಡಿನ ಬಚ್ಚಲುಮನೆ: ನೀರು ಹೋಗುವ ದಾರಿಯಿಂದ ಹಾಕಿದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯದು. 8 ಅಡಿ ಉದ್ದ, 5 ಅಡಿ ಅಗಲದ ಹಳೆಯ ಬಚ್ಚಲನ್ನು ಒಡೆಸಿ ಕಮೋಡು, ಶವರ್, ವಾಶ್‌ಬೇಸಿನ್ ಮೂರೂ ಕೂರುವ ಹಾಗೆ ಮಾಡಿಸಿದ್ದೇನೆ. ಟೈಲ್ಸ್ ಅಂಗಡಿಗೆ ಹೋದದ್ದು ಎಲ್ಲ ನಿರ್ಧಾರ ಆದ ಮೇಲೆ. ಮೊದಲು ಅಳೆದದ್ದು ಕೊಳಚೆ ನೀರು ಮನೆಯಿಂದ ಹೊರಬೀಳುವ ಜಾಗದ ಮಟ್ಟ. ಅದು ಸಿಗದೆ ಒಳಗಿನ ನೆಲ ಎಷ್ಟು ಎತ್ತರಕ್ಕೆ ಬರಬೇಕು ಎಂದು ಹೇಳಲು ಬರುವುದಿಲ್ಲ.

ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಒಳಗೊಂದು, ಹೊರಗೊಂದು ಗುರುತು ಹಾಕಿಕೊಂಡರೆ ಸಾಕು. ಕಮೋಡಿನ 110 ಮಿ.ಮೀ. ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಇಟ್ಟೆ. ಸೆಪ್ಟಿಕ್ ಟ್ಯಾಂಕು 14 ಅಡಿ ದೂರ, ಅಂದರೆ ಮೂರೂವರೆ ಇಂಚು ಇಳಿತ. ಸ್ನಾನದ ನೀರಿಗೆ 75 ಮಿ.ಮೀ. ಪೈಪು ಬೇರೆಯೇ ಹಾಕಿಸಿ ಬಾಳೆ ಬುಡಕ್ಕೆ ಬಿಟ್ಟೆ. ಸ್ನಾನದ ನೀರನ್ನೂ ಸೆಪ್ಟಿಕ್ ಟ್ಯಾಂಕಿಗೆ ತಿರುಗಿಸುವುದು ನಮ್ಮ ಕಡೆ ದೊಡ್ಡ ತಪ್ಪು. ಆಷಾಢದ ಹೊತ್ತಿಗೆ ನೆಲದ ನೀರೇ ಮೇಲೆ ಬಂದು, ಟ್ಯಾಂಕಿನ ನೀರು ಹೋಗಿ ಸೇರುವ ಇಂಗುಗುಂಡಿ ತುಂಬಿರುತ್ತದೆ. ಅದರ ಮೇಲೆ ದಿನಕ್ಕೆ ಹತ್ತಾರು ಬಕೆಟ್ ಸುರಿದರೆ ನೀರು ಇಂಗಲು ಜಾಗವಿಲ್ಲದೆ ಕಮೋಡಿನಲ್ಲೇ ನಿಧಾನವಾಗುತ್ತದೆ. ಬಾಳೆ ಬುಡದ ಪೈಪಿನ ಬಾಯಿಗೆ ಸ್ಟೀಲ್ ಬಲೆ ಕಟ್ಟಲೇಬೇಕು. ಕಪ್ಪೆ ಆ ದಾರಿಯಲ್ಲೇ ಒಳಗೆ ಬರುತ್ತದೆ, ಕಪ್ಪೆಯ ಹಿಂದೆ ಹಾವೂ ಬರುತ್ತದೆ.

ಇನ್ನು ಕಾಲದ ಲೆಕ್ಕ. ಅಡಿಕೆ ಕೊಯ್ಲು ಮುಗಿಯುವ ತನಕ ಕೆಲಸದವರು ಸಿಗುವುದು ಕಷ್ಟ. ಮೃಗಶಿರ ಹಿಡಿದ ಮೇಲೆ ಗೋಡೆ ಒಣಗುವುದಿಲ್ಲ. ಉಳಿಯುವುದು ಫೆಬ್ರವರಿಯಿಂದ ಮೇ ನಡುವಿನ ದಿನಗಳು. ನಾನು ಫೆಬ್ರವರಿಯಲ್ಲಿ ಒಡೆಸಿದೆ. ಜಂಬಿಟ್ಟಿಗೆ ಕಲ್ಲಿನ ತುಂಬ ತೂತು, ಮಳೆ ಹೊಡೆಯುವ ಪಕ್ಕದ ಗೋಡೆ ನೀರು ಕುಡಿದು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಅಂಥ ಗೋಡೆಗೆ ಒಳಗಡೆಯಿಂದ ವಾಟರ್‌ಪ್ರೂಫಿಂಗ್ ಬಳಿದರೆ ಹಿಂದಿನ ತೇವ ಅದನ್ನು ತಳ್ಳಿ ಗುಳ್ಳೆ ಎಬ್ಬಿಸುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆಯ ಒಳಮೈಗೆ ಹನಿ ಕೂತಿದ್ದರೆ ಕಾಯಬೇಕು. ನಮ್ಮ ಪಡುಗೋಡೆಯಲ್ಲಿ ಮಾರ್ಚ್ ಮೊದಲ ವಾರದಲ್ಲೂ ಹನಿ ಕೂತಿತ್ತು. ಹೊರಗಿನ ಗಾರೆಯ ಬಿರುಕು ಮುಚ್ಚಿಸಿ, ಮೇಲೆ ಎರಡಡಿ ಶೀಟಿನ ಮಾಡು ಇಳಿಸಿ, ಎರಡು ವಾರ ಬಿಟ್ಟ ಮೇಲೆ ಹಾಳೆ ಒಣಗಿಯೇ ಇತ್ತು.

ಕಮೋಡು ಕೊಳ್ಳುವ ಮುಂಚೆ ಒಂದು ಅಳತೆ ಕೈಯಲ್ಲಿರಲಿ. ಎಸ್ ಟ್ರಾಪ್ ಕಮೋಡಿನ ಪೈಪು ನೆಲಕ್ಕೆ ಇಳಿಯುತ್ತದೆ, ಪಿ ಟ್ರಾಪ್‌ನದು ಗೋಡೆಗೆ ಹೋಗುತ್ತದೆ. ಎಸ್ ಟ್ರಾಪ್‌ನಲ್ಲಿ ಗೋಡೆಯಿಂದ ಪೈಪಿನ ನಡುವಿಗೆ 9 ಇಂಚು ಅಥವಾ 12 ಇಂಚು ಎಂದು ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ಆ ಅಳತೆ ಟೈಲ್ಸ್ ಮುಖದಿಂದ ಲೆಕ್ಕ, ಬರೀ ಗೋಡೆಯಿಂದಲ್ಲ. ಗಾರೆ 12 ಮಿ.ಮೀ., ಅಂಟು 5, ಟೈಲ್ಸ್ 8, ಹೀಗೆ ಒಂದು ಇಂಚು ಸೇರುತ್ತದೆ. ಹಾಗಾಗಿ 9 ಇಂಚಿನ ಕಮೋಡಿಗೆ ಗಾರೆ ಇಲ್ಲದ ಗೋಡೆಯಿಂದ 10 ಇಂಚಿಗೆ ಪೈಪು ಎಬ್ಬಿಸಬೇಕು. ಈ ಒಂದಿಂಚು ಮರೆತರೆ ಫ್ಲಶ್ ಟ್ಯಾಂಕು ಟೈಲ್ಸಿಗೆ ತಾಗಿ ಕಮೋಡು ಕೂರುವುದೇ ಇಲ್ಲ, ನೆಲ ಮತ್ತೆ ಒಡೆಯಬೇಕಾಗುತ್ತದೆ. ಗೋಡೆಗೆ ನೇತುಹಾಕುವ ಕಮೋಡನ್ನು ನಾನು ಬೇಡವೆಂದೆ. ಜಂಬಿಟ್ಟಿಗೆಗೆ ಹೊಡೆದ ಬೋಲ್ಟು ಅಷ್ಟು ಭಾರ ತಡೆಯುವುದಿಲ್ಲ. ವಯಸ್ಸಾದವರ ಹಿಡಿಕೆಗೂ ಇದೇ ಕಷ್ಟ. ಹಿಡಿಕೆ ಬರುವ ಎರಡು ಕಡೆ ಕಲ್ಲು ಕಿತ್ತು, 9 ಇಂಚು ಚೌಕಕ್ಕೆ ಕಾಂಕ್ರೀಟ್ ತುಂಬಿಸಿಟ್ಟೆ. ಸ್ಕ್ರೂ ಅದಕ್ಕೆ ಬೀಳುತ್ತದೆ.

ಬಿಸಿನೀರಿನ ವಿಷಯದಲ್ಲಿ ಪ್ಲಂಬರುಗಳ ಜತೆ ತುಸು ಗಟ್ಟಿಯಾಗಿ ನಿಲ್ಲಬೇಕು. ನಮ್ಮದು ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ಉರಿಯುವ ತಾಮ್ರದ ಬಾಯ್ಲರ್. ಅಡಿಕೆ ಸಿಪ್ಪೆ, ಹಾಳೆ ಹಾಕಿದರೂ ನೀರು ಕುದಿಯುತ್ತದೆ. ಬಿಸಿನೀರಿಗೆಂದು ಬರುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ತಡೆಯುವ ಬಿಸಿ ಸುಮಾರು 82 ಡಿಗ್ರಿಯವರೆಗೆ ಮಾತ್ರ. ಆದ್ದರಿಂದ ಬಾಯ್ಲರ್‌ನಿಂದ ಮೊದಲ 5 ಅಡಿ ಜಿಐ (ಸತು ಲೇಪದ ಕಬ್ಬಿಣ) ಪೈಪು, ಅಲ್ಲಿಂದ ಮುಂದೆ ಸಿಪಿವಿಸಿ. ಬಾಯ್ಲರ್‌ನ ನೆತ್ತಿಯಿಂದ ಒಂದು ಉಸಿರು ಪೈಪನ್ನು ಮಾಳಿಗೆ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ತೆರೆದೇ ಬಿಡಬೇಕು. ಅದಕ್ಕೆ ವಾಲ್ವ್ ಹಾಕಿದರೆ, ಬಾಯಿ ಮುಚ್ಚಿದರೆ, ಹಬೆ ಹೋಗಲು ದಾರಿಯಿಲ್ಲದೆ ಬಾಯ್ಲರ್ ಸಿಡಿಯಬಹುದು. ಸಿಪಿವಿಸಿಗೆ ಅದರದೇ ಅಂಟು, ಮಾಮೂಲಿ ಪಿವಿಸಿ ಅಂಟು ಬಿಸಿನೀರಿಗೆ ಬಿಡುತ್ತದೆ. ಕೀಲು ಒಂದು ದಿನ ಒಣಗಿದ ಮೇಲೆ ಕೈಪಂಪಿನಿಂದ 6 ಕೆ.ಜಿ. ಒತ್ತಡ ಕೊಟ್ಟು, ಒಂದು ಗಂಟೆ ಕಾಲ ಒತ್ತಡದ ಮುಳ್ಳು ಕೆಳಗಿಳಿಯದೆ ನಿಂತರೆ ಮಾತ್ರ ಗಾರೆಗೆ ಒಪ್ಪಿಗೆ.

ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಇಡಲೇಬಾರದು. ಛಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಎಚ್ಚರ ತಪ್ಪಿ ಬಿದ್ದವರಿಗೆ ಬಾಗಿಲು ತೆಗೆಯಲೂ ಆಗುವುದಿಲ್ಲ. ಕರೆಂಟಿನ 15 ಲೀಟರ್, 2 ಕಿಲೋವ್ಯಾಟ್ ಗೀಸರಿಗೆ ಬೇರೆಯೇ ಲೈನು, 4 ಚದರ ಮಿ.ಮೀ. ತಾಮ್ರದ ತಂತಿ, ಹೊರಗಡೆ ಸ್ವಿಚ್ಚು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು), ಸರಿಯಾದ ಅರ್ತಿಂಗ್. ಇದರಲ್ಲಿ ಯಾವುದನ್ನೂ ಬಿಡಬಾರದು.

ಶವರ್ ಬಗ್ಗೆ ಒಂದೇ ಮಾತು. ಟ್ಯಾಂಕು ಶವರಿಗಿಂತ 10 ಅಡಿ ಮೇಲಿದ್ದರೆ ಸಿಗುವ ಒತ್ತಡ 0.3 ಬಾರ್. ಅಗಲದ ಮಳೆ ಶವರಿಗೆ ಅದು ಸಾಲದು, ಸಣ್ಣ ತಲೆಯ ಶವರಿಗೆ ಸಾಕು.

ನೀರು ಸೋರುವುದು ಬಹುಪಾಲು ನಹಾನಿ ಟ್ರಾಪಿನ (ನೆಲದ ನೀರು ಇಳಿಯುವ ಜಾಲರಿಯ ಕೆಳಗಿನ ಬಟ್ಟಲು) ಕುತ್ತಿಗೆಯಲ್ಲಿ. ನುಣುಪಾದ ಪಿವಿಸಿಗೆ ಸಿಮೆಂಟು ಕಚ್ಚುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿದುಬಿಡುತ್ತದೆ. ಪೈಪಿನ ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ, ಅದರ ಮೇಲೆ ಫೈಬರ್ ಬಲೆ ಸೇರಿಸಿ ವಾಟರ್‌ಪ್ರೂಫಿಂಗ್ ಬಳಿಸಿದೆ. ನೆಲ ಮತ್ತು ಗೋಡೆ ಸೇರುವ ಮೂಲೆಗೂ ಬಲೆ ಬೇಕು. ಪಾಲಿಮರ್ ಸಿಮೆಂಟಿನ ಎರಡು ಕೋಟು, ಒಂದು ಉದ್ದಕ್ಕೆ ಬಳಿದರೆ ಇನ್ನೊಂದು ಅಡ್ಡಕ್ಕೆ. ಗೋಡೆಗೆ ಒಂದಡಿ, ಶವರ್ ಕಡೆ ಆರಡಿ ಎತ್ತರ. ಕೆಲಸ ನಡೆಯುವಷ್ಟು ದಿನ ಟ್ರಾಪಿನ ಬಾಯಿಗೆ ಗೋಣಿಚೀಲದ ತುಂಡು ತುರುಕಿಟ್ಟಿರಬೇಕು, ಇಲ್ಲದಿದ್ದರೆ ಸಿಮೆಂಟು ಹಾಲು ಒಳಗಿಳಿದು ಕಲ್ಲಾಗುತ್ತದೆ.

ಕೋಟು ಒಣಗಿದ ಮೇಲೆ ಟ್ರಾಪ್ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಿಂದ ಗೀಟು ಹಾಕಿದೆ. ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲಿ ನೀರಿಟ್ಟು ಅದಕ್ಕೂ ಗೀಟು. ಬೇಸಿಗೆಯಲ್ಲಿ ನೀರು ಆರಿ ಇಳಿಯುವುದು ಸಹಜ, ಸೋರಿದ್ದೋ ಆರಿದ್ದೋ ಎಂಬ ಅನುಮಾನವನ್ನು ಬಕೆಟ್ಟು ತೀರಿಸುತ್ತದೆ. 48 ಗಂಟೆ ಕಳೆದಾಗ ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದ ಮೇಲೂ ಇಳಿದಿದ್ದರೆ ಸರಿ. ನೆಲದಲ್ಲಿ ಹೆಚ್ಚು ಇಳಿದಿದ್ದರೆ ಟ್ರಾಪಿನ ಕುತ್ತಿಗೆಯಿಂದಲೇ ಹುಡುಕಲು ಶುರು ಮಾಡಬೇಕು.

ಟೈಲ್ಸ್ ಲೆಕ್ಕ ಸುಲಭ. ಸುತ್ತಳತೆ 26 ಅಡಿ, ಎತ್ತರ 7 ಅಡಿ, 182 ಚದರ ಅಡಿ. ಬಾಗಿಲಿಗೆ 17 ಕಳೆದರೆ 165, ಹತ್ತು ಪರ್ಸೆಂಟ್ ಸೇರಿಸಿ 182. ನೆಲಕ್ಕೂ ಹೀಗೇ 40ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 44 ಚದರ ಅಡಿ, ಒಂದಡಿ ಚೌಕದ ಜಾರದ ಟೈಲ್ಸ್. ದೊಡ್ಡ ಟೈಲ್ಸ್ ನೋಡಲು ಚೆಂದ, ಆದರೆ ನಾಲ್ಕು ಕಡೆಯಿಂದ ಟ್ರಾಪಿನತ್ತ ಇಳಿಸಲು ಬಾಗುವುದಿಲ್ಲ. ನೆಲದ ಇಳಿಜಾರು ಮೀಟರಿಗೆ 15 ಮಿ.ಮೀ., ಟ್ರಾಪಿನ ಜಾಲರಿ ಟೈಲ್ಸಿಗಿಂತ ಒಂದೆರಡು ಮಿ.ಮೀ. ಕೆಳಗೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಬಿಳಿ ಸಿಮೆಂಟಿನ ಸಂದು ಬೇಗ ಕೆಂಪಾಗುತ್ತದೆ, ಅಲ್ಲಿ ಸಂದಿಗೆ ಬೂದು ಬಣ್ಣದ ಎಪಾಕ್ಸಿ ಗ್ರೌಟೇ ಒಳ್ಳೆಯದು.

ಗಾರೆ ಮುಚ್ಚುವ ಮುಂಚೆ ನಾಲ್ಕೂ ಗೋಡೆಯ ಪೈಪುಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದು, ಮುದ್ರಿಸಿ, ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಉಳಿದ ಟೈಲ್ಸುಗಳಲ್ಲಿ ಆರು ಗೋಡೆಯವು, ನಾಲ್ಕು ನೆಲದವು ಅಟ್ಟದ ಮೇಲಿವೆ.